ಅಜ್ಜಿಯ ಕಿಟಕಿಯ ಮೇಲಿನ ಸಂದಿ

"ಇನ್ನೂ ಅಲ್ಲಾಡ್ತಿದೆ," ಅಂದಳು ಅಮ್ಮ.

ಅಪ್ಪ ಆ ಹಳೇ ಕಿಟಕಿಯನ್ನು ಮತ್ತೆ ನೆಲಕ್ಕೆ ಮಲಗಿಸಿ, ಅದು ನಿಲ್ಲಲೆಂದು ತಾನೇ ಜಡಿದಿದ್ದ ಮರದ ಎಡಗಾಲನ್ನು ಉಪ್ಪುಕಾಗದದಿಂದ ಉಜ್ಜತೊಡಗಿದ.

"ಸಾಕು ಮಾರಾಯ. ಹಿಂಗೇ ಉಜ್ತಾ ಇದ್ರೆ ಹಬ್ಬಕ್ಕೆ ಕಾಲೇ ಉಳಿಯಲ್ಲ."

"ಹಬ್ಬ ನಾಳೆ, ವರ್ಲಿನ್. ಕಾಲು ಉಳಿಯತ್ತೆ. ನಾನು ಉಳೀತೀನೋ ಇಲ್ವೋ."

ಅದು ಅಜ್ಜಿಯ ಕಾಲದ ಕಿಟಕಿ. ಓರೆಯಾಗಿ ಕೂರಿಸಿದ ಮರದ ಪಟ್ಟಿಗಳ ಒಂದು ಬಾಗಿಲು. ಗೆದ್ದಲು ಹತ್ತಿತೆಂದು ಆಗಸ್ಟಿನಲ್ಲಿ ನಮ್ಮ ದ್ವೀಪದ ಅರೀಮ ಊರಿನ ಈ ಮನೆಯ ಕಿಟಕಿಗಳನ್ನೆಲ್ಲ ಕೀಳಿಸಿ ಗಾಜು ಹಾಕಿಸಿದ್ದೆವು. ಸುದ್ದಿ ತಿಳಿದ ದಿನವೇ ಟೊರಾಂಟೋದಿಂದ ಅರ್ಮಿನ್ ದೊಡ್ಡಮ್ಮನ ಫೋನು.

"ಅಮ್ಮನ ಕಿಟಕಿಗಳನ್ನ ಕಿತ್ತು ಒಲೆಗೆ ಹಾಕಿದ್ಯಂತೆ?"

"ಹಿಮದಲ್ಲಿ ಕೂತಿರೋಳಿಗೆ ಗೆದ್ದಲ ವಿಷ್ಯ ಏನ್ ಗೊತ್ತು?"

ಮಾತು ಎಲ್ಲೆಲ್ಲಿಗೋ ಹೋಯಿತು. ಕೊನೆಗೆ ಅಮ್ಮ, "ಈ ಸಲ ಕ್ರಿಸ್‌ಮಸ್‌ಗೆ ನಂಗೆ ಕಾರ್ಡ್ ಕಳಿಸ್ಬೇಡ," ಎಂದು ಫೋನಿಟ್ಟಳು.

ಮೂವತ್ತೊಂದು ವರ್ಷದಿಂದ ದೊಡ್ಡಮ್ಮನ ಕಾರ್ಡು ಡಿಸೆಂಬರ್ ಅರ್ಧ ಕಳೆಯುವ ಮೊದಲೇ ಬರುತ್ತಿತ್ತು. ಈ ಸಲ ಇಪ್ಪತ್ತನಾಲ್ಕಾದರೂ ಇಲ್ಲ. ಅಮ್ಮ ಆ ಮಾತೆತ್ತುತ್ತಿರಲಿಲ್ಲ. ಪೋಸ್ಟಿನವನ ಸೈಕಲ್ಲಿನ ಸದ್ದಿಗೆ ಮಾತ್ರ ಅವಳ ಕೈಕೆಲಸ ನಿಲ್ಲುತ್ತಿತ್ತು.

ಪ್ರತಿವರ್ಷ ಗೋಡೆಗೆ ದಾರ ಕಟ್ಟಿ ಕಾರ್ಡು ತೂಗುಹಾಕುತ್ತಿದ್ದೆವು. ನವೆಂಬರಿನಲ್ಲಿ ಅಮ್ಮ ಶೆಡ್ಡಿನಿಂದ ಈ ಒಂದು ಬಾಗಿಲನ್ನು ಎಳೆದು ತಂದಳು. ಗೆದ್ದಲು ಮುಟ್ಟದೆ ಉಳಿದದ್ದು ಇದೊಂದೇ. "ಪಟ್ಟಿ ಸಂದೀಲಿ ಕಾರ್ಡ್ ಸಿಕ್ಕಿಸೋಣ, ದಾರ ಯಾಕೆ," ಅಂದಳು. ಅಪ್ಪ ಕಾಲು ಮಾಡಿದ. ನಾನು ಬಣ್ಣ ಕೆರೆದೆ. ಹಸಿರು, ಅದರಡಿ ನೀಲಿ, ಅದರಡಿ ಕೆನೆ ಬಣ್ಣ. ಎಲ್ಲದರ ಕೆಳಗೆ ಗುಲಾಬಿ ಕಂಡಾಗ ಅಮ್ಮ ನನ್ನ ಕೈ ಹಿಡಿದಳು.

"ಇಲ್ಲಿಗೆ ನಿಲ್ಸು. ಇದು ನಿನ್ ದೊಡ್ಡಮ್ಮ ಹನ್ನೆರಡು ವರ್ಷದೋಳಿದ್ದಾಗ ಹಟ ಮಾಡಿ ಬಳಿಸಿದ್ದು."

ಚರ್ಚಿನವರ ಕಾರ್ಡು, ಪಕ್ಕದ ಮನೆಯವರದು, ಎಲ್ಲಕ್ಕಿಂತ ಕೆಳಗೆ ವಿಮೆ ಏಜೆಂಟನದು. ಒಂದೊಂದೇ ಸಂದಿ ತುಂಬಿತು. ಮೇಲಿನದು ಮಾತ್ರ ಖಾಲಿ. ಒಮ್ಮೆ ಮಿಣಮಿಣ ಪುಡಿ ಉದುರಿಸುವ ಒಂದು ಕಾರ್ಡನ್ನು ಅಲ್ಲಿ ಸಿಕ್ಕಿಸಲು ಹೋಗಿ ಏಟು ತಿಂದಿದ್ದೆ.

ಇಷ್ಟು ದಿನ ವರಾಂಡದಲ್ಲಿ ಅಲ್ಲಾಡದೆ ನಿಂತಿದ್ದ ಕಿಟಕಿಯನ್ನು ಇವತ್ತು ಮುಂಬಾಗಿಲ ಹಿಂದಿನ ಮೂಲೆಯಲ್ಲಿ ನಿಲ್ಲಿಸಿದ್ದೇ ತಡ, ಕುಂಟತೊಡಗಿತು. ಅಪ್ಪ ಉಜ್ಜುತ್ತಲೇ ಇದ್ದ. ನಾನು ಬರಿಗಾಲಲ್ಲಿ ಆ ಜಾಗ ತಡವಿದೆ. ಹೊಸ ಲಿನೋಲಿಯಂ ನೆಲಹಾಸಿನಡಿ ಏನೋ ಉಬ್ಬಿತ್ತು. ಉಬ್ಬಿಗೆ ನಾಲ್ಕು ಮೂಲೆಗಳಿದ್ದವು.

"ಅಪ್ಪಾ, ತಪ್ಪು ಕಾಲಿಂದಲ್ಲ. ನೆಲದ್ದು."

ಹತ್ತು ದಿನದ ಹಿಂದೆ, ಎಲ್ಲರ ಮನೆಯಂತೆ, ಹಬ್ಬಕ್ಕೆಂದು ನೆಲಹಾಸು ಬದಲಿಸಿದ್ದೆವು. ಸಾಮಾನೆಲ್ಲ ವರಾಂಡದಲ್ಲಿ, ನೆಲದ ತುಂಬ ಹಳೇ ಪೇಪರು, ಅದರ ಮೇಲೆ ಹೊಸ ಹಾಸು. ಪೋಸ್ಟಿನವನು ಕಾಗದವನ್ನು ಬಾಗಿಲಡಿಯಿಂದಲೇ ತಳ್ಳಿ ಹೋಗುವವನು. ಮೂವರಿಗೂ ಒಟ್ಟಿಗೇ ಹೊಳೆಯಿತು.

"ಆಸ್ರಿಕ್! ನೋಡ್ದೇನೇ ಹಾಸಿಬಿಟ್ಯಾ?"

"ಅಷ್ಟು ಪೇಪರಲ್ಲಿ ಹೆಂಗ್ ಕಾಣ್ಬೇಕು? 'ಬೇಗ, ಬೇಗ' ಅಂತ ತಲೆ ಮೇಲೆ ಕೂತಿದ್ದೋಳು ಯಾರು?"

ಹೊಸ ಹಾಸಿನ ಮೇಲೆ ಚಪ್ಪಲಿ ಹಾಕಿದವರನ್ನು ಅಮ್ಮ ಹೊರಗಟ್ಟುತ್ತಾಳೆ. ಅದನ್ನು ಎಬ್ಬಿಸುವುದಂತೂ ಯೋಚಿಸುವ ಮಾತೇ ಅಲ್ಲ. ಆದರೆ ಅವಳೇ ಅಡುಗೆಮನೆಗೆ ಓಡಿ ಚಾಕು ತಂದು ಹೊಸ್ತಿಲ ಹಿತ್ತಾಳೆ ಪಟ್ಟಿಯನ್ನು ಮೀಟತೊಡಗಿದಳು.

"ಲೇ, ಅದು ಹ್ಯಾಮ್ ಕೊಯ್ಯೋ ಚಾಕು."

"ಬಾಯ್ಮುಚ್ಕೊಂಡು ಎತ್ತು."

ಲಕೋಟೆ ಹಪ್ಪಳದಂತೆ ಚಪ್ಪಟೆಯಾಗಿತ್ತು. ಮೇಲೆ ಕೆನಡಾದ ಸ್ಟಾಂಪು. ಅಮ್ಮ ಹಳೇ ಪೇಪರಿನ ಮೇಲೆಯೇ ಕೂತುಬಿಟ್ಟಳು. "ಕಳ್ಸಿದಾಳೆ," ಅಂದಳು. ಅಪ್ಪನ ಮುಖ ನೋಡಿ ಇನ್ನೊಮ್ಮೆ, "ಕಳ್ಸಿದಾಳೆ ಕಣೋ." ನಾಲ್ಕು ತಿಂಗಳಿಂದ ಬಿಗಿಹಿಡಿದಿದ್ದ ಭುಜಗಳು ಇಳಿದವು. ನಗು ಬಂತು, ಕಣ್ಣೀರೂ ಬಂತು. ನಾನು ಪುಂಡಿ ಹೂವಿನ ಷರಬತ್ತು ತಂದುಕೊಟ್ಟೆ. ಒಂದೇ ಗುಟುಕಿಗೆ ಕುಡಿದಳು.

ಕಾರ್ಡಿನಲ್ಲಿ ಹಿಮದ ಕೊಂಬೆಯ ಮೇಲೆ ಕೆಂಪು ಹಕ್ಕಿ. ಒಳಗೆ ಎರಡೇ ಸಾಲು: "ಕಳಿಸಬೇಡ ಅಂದಿದ್ದೆ ನೀನು. ಕೈ ಕೇಳಲಿಲ್ಲ."

ಅಮ್ಮ ಕೂತಲ್ಲಿಂದಲೇ ಫೋನು ಹಚ್ಚಿದಳು. ದೊಡ್ಡಮ್ಮನ ಗಂಟಲು ನಮಗೂ ಕೇಳುತ್ತಿತ್ತು.

"ಸಿಕ್ತು ಅಂತ ಒಂದ್ ಮಾತು ಹೇಳಕ್ಕಾಗ್ಲಿಲ್ವೇನೇ?"

"ಈಗ ಸಿಕ್ತು ಅಕ್ಕ. ಕಿಟಕಿ ಕಾಲಡಿ ಇತ್ತು."

"ಯಾವ ಕಿಟಕಿ?"

"ಅಮ್ಮಂದು. ಒಂದ್ ಉಳಿಸ್ಕೊಂಡಿದೀನಿ. ನಿನ್ ಗುಲಾಬಿ ಬಣ್ಣ ಹಂಗೇ ಇದೆ."

ಇತ್ತ ಅಪ್ಪ ಅವಳನ್ನು ಪಕ್ಕಕ್ಕೆ ಸರಿಸಿ ಹಾಸನ್ನು ಸರಿಮಾಡಿ ಕಿಟಕಿ ನಿಲ್ಲಿಸಿದ. ಅಲ್ಲಾಡಲಿಲ್ಲ.

"ಆಯ್ತು ಬಿಡು," ಅಂದಳು ದೊಡ್ಡಮ್ಮ. ದನಿ ತಗ್ಗಿತ್ತು. "ಆದ್ರೂ ನೀನ್ ಅಂದಿದ್ದು ಅಂದಿದ್ದೇ. ಬೇಡ ಅಂದ್ರೆ ಇದೇ ಕೊನೇದು. ಮುಂದಿನ ವರ್ಷದಿಂದ ನಿಲ್ಲಿಸ್ತೀನಿ, ನಿಂಗೂ ನಿರಾಳ."

ಅಮ್ಮ ಎದ್ದು, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಕಾರ್ಡನ್ನು ಮೇಲಿನ ಸಂದಿಗೆ ತಳ್ಳಿದಳು.

"ನಿಲ್ಸಕ್ಕಾಗಲ್ಲ," ಅಂದಳು.