ಸಾಹೇಬರ ಮುಂದೆ ನಡೆದ ಬೆಳ್ಳಿಕೋಲು

ನಾನು ಒಂದು ಬೆಳ್ಳಿಕೋಲು. ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳು ತಮ್ಮ ಕೊಠಡಿಯಿಂದ ಕೋರ್ಟ್ ಹಾಲಿಗೆ ಹೊರಟಾಗ, ಪೇಟ ಸುತ್ತಿದ ದಫೇದಾರನೊಬ್ಬ ಮುಂದೆ ಮುಂದೆ ಹಿಡಿದು ನಡೆಯುತ್ತಾನಲ್ಲ, ಆ ಕೋಲು. ಮೈ ಬೀಟೆ ಮರದ್ದು, ತಲೆ ಬೆಳ್ಳಿಯದು, ಕಾಲು ಸವೆಯದಂತೆ ಹಿತ್ತಾಳೆಯ ಅಣಸು. ಅರವತ್ತು ವರ್ಷಗಳ ಹಿಂದೆ ಪೇಟೆಬೀದಿಯ ಅಕ್ಕಸಾಲಿಯೊಬ್ಬ ನನ್ನ ತಲೆಯ ಮೇಲೆ ತಾವರೆ ಮೊಗ್ಗು ಬಿಡಿಸಲು ಹನ್ನೊಂದು ದಿನ ತೆಗೆದುಕೊಂಡ. ಮುಗಿದ ಮೇಲೆ ನನ್ನನ್ನು ಗೋಡೆಗೆ ಒರಗಿಸಿ, ದೂರ ನಿಂತು ನೋಡಿ, ಹೆಂಡತಿಯನ್ನು ಕೂಗಿ ಕರೆದು ತೋರಿಸಿದ. ಆಗಲೇ ನನಗೆ ಸ್ವಲ್ಪ ಜಂಬ ಬಂತು. ಅದು ಈವರೆಗೂ ಹೋಗಿಲ್ಲ.

ನನ್ನನ್ನು ಮೊದಲು ಹಿಡಿದವರು ಮಕ್ತುಂ ಸಾಹೇಬರು. ಅವರ ನಡಿಗೆ ಮದುವೆ ಮೆರವಣಿಗೆಯ ಹಾಗೆ, ನಿಧಾನ. ಆಮೇಲೆ ನಾಯ್ಡು ಬಂದ. ಅವನಿಗೆ ಎಲೆಅಡಿಕೆ ಚಟ, ನನ್ನ ಬೆಳ್ಳಿಯ ಕತ್ತಿನಲ್ಲಿ ಇಂದಿಗೂ ಒಂದು ಸುಣ್ಣದ ಕಲೆ ಇದೆ. ಮೂರನೆಯವನು ಮಧುಗಿರಿ ಕಡೆಯ ಹನುಮಂತರಾಯಪ್ಪ. ಓದಿದ್ದು ಮೂರನೇ ಕ್ಲಾಸು. ಹೆಸರು ಬರೆಯುವಾಗ ಒಂದೊಂದು ಅಕ್ಷರಕ್ಕೂ ತುಟಿ ಕಚ್ಚುತ್ತಿದ್ದ. ಇಪ್ಪತ್ತೇಳು ವರ್ಷ ನಾನು ಅವನ ಕೈಯಲ್ಲಿದ್ದೆ.

ನಮ್ಮ ದಿನ ಹೀಗೆ. ಬೆಳಿಗ್ಗೆ ಹತ್ತಕ್ಕೆ ಅವನು ನಾಜರ್ ಶಾಖೆಗೆ ಬರುತ್ತಿದ್ದ. ಕೋರ್ಟಿನ ಸಾಮಾನು ಕಾಯುವ ಅಧಿಕಾರಿಗೆ ನಾಜರ್ ಎನ್ನುತ್ತಾರೆ. ನಮ್ಮ ನಾಜರ್ ಅಮೀರುದ್ದೀನ್. ಬೆಳ್ಳಿಯ ಸಾಮಾನಾದ್ದರಿಂದ ನನ್ನನ್ನು ಒಯ್ದ ಹೊತ್ತು, ತಂದ ಹೊತ್ತು ಎರಡನ್ನೂ ಪುಸ್ತಕದಲ್ಲಿ ಬರೆದು ರುಜು ಹಾಕಿಸುತ್ತಿದ್ದರು.

“ಏನ್ ಸಾಬ್ರೇ, ಇಪ್ಪತ್ತು ವರ್ಷ ಆಯ್ತು, ಇನ್ನೂ ನನ್ ಮ್ಯಾಲೆ ನಂಬ್ಕೆ ಇಲ್ವಾ?” ಎಂದು ಅವನು ರೇಗಿಸುತ್ತಿದ್ದ.

“ನಿನ್ ಮೇಲೆ ಇದೆ ರಾಯಪ್ಪ, ಬೆಳ್ಳಿ ಮೇಲೆ ಇಲ್ಲ. ಹಾಕು ರುಜು.”

ಆಮೇಲೆ ವಿಭೂತಿ ಹಚ್ಚಿ, ಹಳೇ ಪಂಚೆಯ ಚೂರಿನಿಂದ ನನ್ನ ತಲೆ ತಿಕ್ಕುತ್ತಿದ್ದ. ಹನ್ನೊಂದಕ್ಕೆ ಮೆರವಣಿಗೆ. ಜನ ದಾರಿ ಬಿಡುತ್ತಿದ್ದರು. ಹಿಂದೆ ಬರುವವರು ಹೆಚ್ಚೋ ಮುಂದೆ ಹೋಗುವ ನಾನು ಹೆಚ್ಚೋ ಎಂದು ಎಷ್ಟೋ ಸಲ ನನ್ನೊಳಗೇ ಕೇಳಿಕೊಂಡಿದ್ದೇನೆ.

ಕೊನೆಯ ಒಂಬತ್ತು ವರ್ಷ ನಾವು ನಾಲ್ಕನೇ ಕೋರ್ಟ್ ಹಾಲಿನ ಸಾಹೇಬರ ಮುಂದೆ ನಡೆದೆವು. ಇಂಪಾದ ದನಿ, ಕೇಸಿನ ಕಟ್ಟು ನೋಡದೆಯೇ ಪುಟ ಹೇಳುವ ಬುದ್ಧಿ. ಹನುಮಂತರಾಯಪ್ಪನಿಗೆ ಅವರೆಂದರೆ ಬಹಳ ಅಭಿಮಾನ. “ನಮ್ ಸಾಹೇಬ್ರು” ಎಂದೇ ಹೇಳುವುದು. ಬೇರೆ ದಫೇದಾರರ ಮುಂದೆ ಅವನು ಬೀಗಿದ್ದನ್ನು ನಾನು ಕಂಡಿದ್ದೇನೆ.

ಆಗ ಒಂದು ನೂಲಿನ ಗಿರಣಿಯ ಕೇಸು ನಡೆಯುತ್ತಿತ್ತು. ಮಾಲೀಕರು ಗಿರಣಿ ಮುಚ್ಚಿ, ಕೆಲಸಗಾರರ ಮನೆಗಳಿದ್ದ ಜಾಗವನ್ನೂ ಮಾರಲು ಹೊರಟಿದ್ದರು. ಹೆಣ್ಣಾಳುಗಳು ಬುತ್ತಿ ಕಟ್ಟಿಕೊಂಡು ಬಂದು ದಿನವೆಲ್ಲ ವರಾಂಡದಲ್ಲಿ ಕೂರುತ್ತಿದ್ದರು. ಹಾಲಿನೊಳಗೆ ಮುಂದಿನ ಸಾಲಿನಲ್ಲಿ ಮಾಲೀಕನ ಅಳಿಯ ಕೂರುತ್ತಿದ್ದ.

ಆ ವರ್ಷ ಒಂದು ದಿನ ಸಾಹೇಬರು ಮೂರೂವರೆಗೇ ಕಲಾಪ ಮುಗಿಸಿ ಕೊಠಡಿಗೆ ಬಂದು, “ರಾಯಪ್ಪ, ಕೋಲು ಇಟ್ಟು ಮನೆಗೆ ಹೋಗು, ನಾನು ಕೂತು ಓದಬೇಕು” ಎಂದರು. ಹನುಮಂತರಾಯಪ್ಪ ನನ್ನನ್ನು ಹಿಡಿದು ಹಿಂಬದಿಯ ಮೆಟ್ಟಿಲಿಳಿದ. ಎದುರಿಗೆ ಆ ಅಳಿಯ ಹತ್ತಿ ಬರುತ್ತಿದ್ದ. ನನ್ನನ್ನು ಕಂಡದ್ದೇ ಗೋಡೆಗೆ ಒತ್ತಿ ನಿಂತು, ಅಭ್ಯಾಸಬಲದಿಂದ ನನಗೇ ಕೈ ಮುಗಿದ. ಮೇಲೆ ಬಾಗಿಲು ತೆರೆದ ಸದ್ದು. ಸಾಹೇಬರದೇ ದನಿ: “ಬನ್ನಿ, ಬನ್ನಿ.” ತಿಂಗಳಿಗೊಮ್ಮೆಯಂತೆ ಇಂಥದು ಆರು ಸಲ ಆಯಿತು. ಏಳನೆಯ ತಿಂಗಳಲ್ಲಿ ತೀರ್ಪು ಗಿರಣಿಯ ಕಡೆಗಾಯಿತು. ವರಾಂಡದಲ್ಲಿ ಹೆಂಗಸರು ಅಳಲಿಲ್ಲ. ಬುತ್ತಿಯ ಬಟ್ಟೆ ಕೊಡವಿ, ಮಡಿಸಿ, ಎದ್ದು ಹೋದರು.

ಎರಡು ವರ್ಷದ ಮೇಲೆ ಕೆಲವು ವಕೀಲರು ಒಂದು ಮನೆಯ ಕಾಗದ ಪತ್ತೆ ಮಾಡಿದರು. ಗಿರಣಿಯವರ ಕೈಯಿಂದ ಸುತ್ತಿ ಬಳಸಿ ಸಾಹೇಬರ ಹೆಂಡತಿಯ ಹೆಸರಿಗೆ ಬಂದಿದ್ದ ಮನೆ. ದೂರು ದಿಲ್ಲಿಗೆ ಹೋಯಿತು. ಹೈಕೋರ್ಟಿನ ನ್ಯಾಯಮೂರ್ತಿಯನ್ನು ತೆಗೆಯಬೇಕಾದರೆ ಪಾರ್ಲಿಮೆಂಟೇ ಕೂರಬೇಕು. ಅದಕ್ಕೆ ಮೊದಲು ಹೊರರಾಜ್ಯದ ಮೂವರು ನ್ಯಾಯಮೂರ್ತಿಗಳು ವಿಚಾರಿಸುತ್ತಾರೆ. ಸಾಹೇಬರು ಒಂದೇ ಮಾತು ಹಿಡಿದರು: “ಗಿರಣಿ ಮಾಲೀಕನ ಅಳಿಯನನ್ನು ಕೋರ್ಟ್ ಹಾಲಿನ ಹೊರಗೆ ನಾನು ಕಂಡೇ ಇಲ್ಲ.”

ಕಂಡಿದ್ದನ್ನು ಹೇಳಬಲ್ಲವನು ಒಬ್ಬನೇ. ಹನುಮಂತರಾಯಪ್ಪನಿಗೆ ಸಾಕ್ಷಿ ಹೇಳಲು ಕರೆ ಬಂದಾಗ ನಿವೃತ್ತಿಗೆ ಐದು ತಿಂಗಳಿತ್ತು.

ಸಾಹೇಬರು ಅವನನ್ನು ಕರೆಸಿ ಕೂರಲು ಹೇಳಿದರು. ಒಂಬತ್ತು ವರ್ಷದಲ್ಲಿ ಅವನಿಗೆ ಕುರ್ಚಿ ತೋರಿಸಿದ್ದು ಅದೇ ಮೊದಲು. ಅವನು ನನ್ನನ್ನು ಊರಿಕೊಂಡು ನಿಂತೇ ಇದ್ದ.

“ನೆನಪು ಕಮ್ಮಿ ಆಗೋ ವಯಸ್ಸಲ್ಲವೇನಯ್ಯಾ ನಿಂದು?” ಎಂದರು, ಮೆತ್ತಗೆ. “ಪಿಂಚಣಿ ಕಾಗದ ಎಲ್ಲೀವರೆಗೆ ಬಂತು?”

“ಮೇಲಕ್ಕೆ ಹೋಗೈತೆ ಸ್ವಾಮಿ.”

“ಹಾಂ. ಮೇಲೆ ನಮ್ಮವರೇ ಇದ್ದಾರೆ.”

ಹನುಮಂತರಾಯಪ್ಪ ನಾಜರ್ ಶಾಖೆಗೆ ಬಂದು ವಿಭೂತಿ ತೆಗೆದ. ತಿಕ್ಕಿದ್ದನ್ನೇ ತಿಕ್ಕಿದ.

“ಬೆಳ್ಳಿ ಸವೆದು ಹೋಗುತ್ತೆ ಮಾರಾಯ,” ಎಂದರು ಅಮೀರುದ್ದೀನ್. “ಏನ್ ಮಾಡ್ತೀಯ?”

“ಈ ಕೋಲು ಹಿಡ್ಕಂಡು ಅವ್ರಿಗೆ ದಾರಿ ಬಿಡ್ಸಿದೀನಿ ಸಾಬ್ರೇ. ಆ ಹೆಣ್ಮಕ್ಳನ್ನೂ ಸರೀರಮ್ಮ ಸರೀರಿ ಅಂತ ಪಕ್ಕಕ್ಕೆ ಸರ್ಸಿದೀನಿ. ಈಗ ಕಂಡಿಲ್ಲ ಅಂದ್ರೆ ಈ ಪೇಟ ತಲೆ ಮ್ಯಾಲೆ ನಿಲ್ತದಾ?”

ವಿಚಾರಣೆಯ ದಿನ ಒಂದು ತಮಾಷೆ ನಡೆಯಿತು. ಕೋಲು ಹಿಡಿಯುವ ಸರದಿ ಅವನದೇ. ಸಾಕ್ಷಿಯೂ ಅವನೇ ಎಂಬುದು ಯಾರಿಗೂ ಹೊಳೆದಿರಲಿಲ್ಲ. ಹೊರರಾಜ್ಯದ ಆ ಮೂವರು ನ್ಯಾಯಮೂರ್ತಿಗಳನ್ನು ಗಂಭೀರವಾಗಿ ಒಳಕ್ಕೆ ಕರೆತಂದು, ನನ್ನನ್ನು ಮೂಲೆಗೆ ಒರಗಿಸಿ, ತಾನೇ ಹೋಗಿ ಮೇಜಿನ ಮುಂದೆ ನಿಂತ. ಮೂವರಲ್ಲಿ ನಡುವೆ ಕುಳಿತಿದ್ದವರು ಒಬ್ಬ ಅಮ್ಮನವರು, ಅವರ ತವರು ಕಾಸರಗೋಡು. ಕನ್ನಡ ಬರುತ್ತಿತ್ತು.

“ಎಷ್ಟು ಸಲ ನೋಡಿದ್ದುಂಟು?”

“ಆರು ಸಲ ತಾಯಿ. ಬಾಗ್ಲು ತೆಗ್ದಿದ್ದು ಸಾಹೇಬ್ರೇ.”

ಎದುರಿಗಿದ್ದ ಸಾಹೇಬರು ನಕ್ಕರು. “ನೆಟ್ಟಗೆ ಓದಲು ಬಾರದವನು. ಎರಡು ವರ್ಷದ ಹಿಂದಿನದು ಹೇಗೆ ನೆನಪಿರುತ್ತದೆ? ಯಾರೋ ಹೇಳಿಕೊಟ್ಟಿದ್ದಾರೆ.”

“ತಾರೀಕು ಹೇಳ್ತೀರಾ?” ಎಂದರು ಅಮ್ಮ.

“ತಾರೀಕು ಗೊತ್ತಿಲ್ಲ ತಾಯಿ. ಮೊದಲ್ನೇದು ವಕೀಲರ ಸಂಘದ ಎಲೆಕ್ಷನ್ ದಿವ್ಸ, ಮೆಟ್ಲ ತುಂಬ ಚೀಟಿ ಬಿದ್ದಿದ್ವು. ಎರಡ್ನೇದು ಲಿಫ್ಟ್ ಕೆಟ್ಟು ಮಂತ್ರಿಗಳು ಒಳಗೇ ಸಿಕ್ಕಾಕ್ಕೊಂಡಿದ್ರಲ್ಲ, ಅದರ ಮಾರ್ನೇ ದಿವ್ಸ. ಮೂರ್ನೇದು ಸಂಕಷ್ಟಿ. ನಾನು ಉಪವಾಸ ಇದ್ದೆ, ಆವಯ್ಯನ ಬಾಯಲ್ಲಿ ಏಲಕ್ಕಿ ವಾಸ್ನೆ...” ಹೀಗೆ ಆರನ್ನೂ ಹೇಳಿದ.

“ಇದಕ್ಕೆ ಬರಹದಲ್ಲಿ ಎಂತದಾದರೂ ಉಂಟಾ?”

“ಐತೆ ತಾಯಿ. ದಿನಾ ಐದೂವರೆಗೆ ಕೋಲು ವಾಪಸ್ ಕೊಡ್ತೀನಿ. ಆ ಆರು ದಿವ್ಸ ಮಾತ್ರ ಮೂರೂವರೆಗೇ ಇಟ್ಟು ಹೋಗು ಅಂದಿದ್ರು. ಕೋಲಿನ ಪುಸ್ತಕ ನಾಜರ್ ಸಾಹೇಬ್ರ ಹತ್ರ ಐತೆ.”

“ಕೋಲಿಗೆ ಪುಸ್ತಕವೇ?” ಸಾಹೇಬರ ದನಿಯ ಇಂಪು ಒಡೆಯಿತು.

“ಬೆಳ್ಳಿ ಅಲ್ವಾ ಸ್ವಾಮಿ.”

ಪುಸ್ತಕ ಬಂತು. ಎಲೆಕ್ಷನ್ ದಿನ, ಲಿಫ್ಟಿನ ಮಾರನೇ ದಿನ, ಸಂಕಷ್ಟಿ, ಆರಕ್ಕೆ ಆರೂ ಮೂರೂವರೆ. ತುಟಿ ಕಚ್ಚಿ ಬರೆದ ಆರು ರುಜು. ದಫೇದಾರನನ್ನು ಮನೆಗೆ ಕಳಿಸಿದರೆ ಸಾಕ್ಷಿ ಹೋಯಿತು ಎಂದುಕೊಂಡಿದ್ದರು ಸಾಹೇಬರು. ನನ್ನ ಹಿಂದೆ ಸಾವಿರಾರು ದಿನ ನಡೆದವರಿಗೆ, ಸಂಜೆ ನಾನು ಎಲ್ಲಿಗೆ ಹೋಗುತ್ತೇನೆ ಎಂಬುದು ತಿಳಿದಿರಲಿಲ್ಲ. ಅವರು ತಿರುಗಿ ಮೂಲೆಯಲ್ಲಿದ್ದ ನನ್ನನ್ನು ನೋಡಿದರು. ಮುಖವಿಟ್ಟು ನೋಡಿದ್ದು ಅದೇ ಮೊದಲು.

ಆರೋಪದಲ್ಲಿ ಹುರುಳಿದೆ ಎಂದು ಮೂವರೂ ಬರೆದರು. ವಿಷಯ ಪಾರ್ಲಿಮೆಂಟಿಗೆ ಹೋಗುವ ಮೊದಲೇ ಸಾಹೇಬರು ರಾಜೀನಾಮೆ ಕೊಟ್ಟರು. ಗಿರಣಿಯ ಕೇಸು ಬೇರೆ ಪೀಠದ ಮುಂದೆ ಹೊಸದಾಗಿ ಶುರುವಾಯಿತು. ಪಿಂಚಣಿ ಕಾಗದವೂ ಬಂತು. ಆದರೆ ದೊಡ್ಡವರ ಮೇಲೆ ಬಾಯಿ ಬಿಟ್ಟವನೆಂದು ಉಳಿದ ದಫೇದಾರರು ಅವನ ಪಕ್ಕ ಊಟಕ್ಕೆ ಕೂರುವುದನ್ನೇ ಬಿಟ್ಟರು. ನಿವೃತ್ತಿಯ ದಿನ ಹಾರ ಹಾಕಿದವರು ಅಮೀರುದ್ದೀನ್ ಒಬ್ಬರೇ.

ಅವನು ಪೇಟವಿಲ್ಲದ ಬೋಳುತಲೆಯಲ್ಲಿ ವರಾಂಡಕ್ಕೆ ಇಳಿದದ್ದು ನಾಜರ್ ಶಾಖೆಯ ಕಿಟಕಿಯಿಂದ ನನಗೆ ಕಾಣುತ್ತಿತ್ತು. ಹೊಸ ವಿಚಾರಣೆಗೆ ಬಂದಿದ್ದ ಗಿರಣಿಯ ಹೆಂಗಸರು ಬುತ್ತಿ ಪಕ್ಕಕ್ಕಿಟ್ಟು ಎದ್ದು ನಿಂತರು.

“ಕೂತ್ಕಳ್ರಮ್ಮ, ನಾನೇನ್ ಜಡ್ಜಾ?” ಎಂದ, ನಾಚಿ.

“ಜಡ್ಜಿಗೆ ಏಳ್ಲೇಬೇಕು ಕಣಣ್ಣ, ಏಳ್ತೀವಿ,” ಎಂದಳು ಗಂಗಹನುಮಕ್ಕ ಎಂಬ ಮುದುಕಿ. “ನಿಂಗೆ ಏಳ್ಬೇಕು ಅನ್ನಿಸ್ತು, ಎದ್ವಿ. ಹೋಗಣ್ಣ, ಬಸ್ ತಪ್ಪೀತು.”

ಈಗ ನನ್ನ ಮೈ ಸೀಳಿದೆ. ನಾಜರ್ ಶಾಖೆಯ ಹಿಂದಿನ ಬೀರುವಿನಲ್ಲಿ, ಕೆಟ್ಟ ಫ್ಯಾನುಗಳ ಜೊತೆ ನಿಂತಿದ್ದೇನೆ. ತಿಕ್ಕುವವರಿಲ್ಲದೆ ತಾವರೆ ಕಪ್ಪಾಗಿದೆ. ಬೇಸರವಿಲ್ಲ. ಹೊಸಬರು ಯಾರಾದರೂ ಬೀರು ತೆರೆದು ಇದು ಯಾವ ಕೋಲೆಂದು ಕೇಳಿದರೆ, “ಅದು ಹನುಮಂತರಾಯಪ್ಪನ ಕೋಲು” ಎನ್ನುತ್ತಾರೆ. ಎಷ್ಟೊಂದು ನ್ಯಾಯಮೂರ್ತಿಗಳ ಮುಂದೆ ನಡೆದವನು ನಾನು. ಅವರಲ್ಲಿ ಒಬ್ಬರ ಹೆಸರೂ ನನಗೆ ಅಂಟಲಿಲ್ಲ.