ಸೊಂಟದ ತಂತಿ

2012ರ ದಸರೆಯ ಮುನ್ನಾದಿನ. ಮುಂಬಯಿಯ ಹೊರವಲಯದ ಡೊಂಬಿವಲಿಯಿಂದ ಹೊರಟ ಬೆಳಗಿನ ಫಾಸ್ಟ್ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಹಿಡಿಕೆ ಹಿಡಿಕೆಗೂ ಚೆಂಡುಹೂವಿನ ಮಾಲೆ. ವರ್ಷಕ್ಕೊಮ್ಮೆ ಈ ಡಬ್ಬಿಯ ಖಾಯಂ ಹೆಂಗಸರು ರೇಷ್ಮೆಸೀರೆ ಉಟ್ಟು ಬಂದು, ಕಿಟಕಿಯ ಬಳಿ ದೇವಿಯ ಪಟವಿಟ್ಟು, ಠಾಣೆ ಸ್ಟೇಷನ್ ಬರುವುದರೊಳಗೆ ಆರತಿ ಮುಗಿಸುವುದು ರೂಢಿ.

ರಮಿತಾ ಅಂದು ನಸುಕಿನಲ್ಲೇ ಮುಟ್ಟಾಗಿದ್ದಳು. ಠಾಣೆಯ ವಾಗ್ಳೆ ಕೈಗಾರಿಕಾ ಎಸ್ಟೇಟಿನ ಔಷಧ ಕಂಪನಿಯ ಲ್ಯಾಬಿನಲ್ಲಿ ಅವಳಿಗೆ ಕೆಲಸ; ತಿಂಗಳಿಗೊಂದರಂತೆ ತೆಗೆದ ರಜೆಗಳೆಲ್ಲ ಮುಗಿದಿದ್ದವು. ನೋವಿನ ಗುಳಿಗೆಗಳು ಹೊಟ್ಟೆಯಲ್ಲಿ ಹುಣ್ಣೆಬ್ಬಿಸಿದ ಮೇಲೆ, ಫಿಸಿಯೋಥೆರಪಿಯವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ, ಅಂಗೈಯಗಲದ ಒಂದು ಯಂತ್ರ ಕೊಟ್ಟಿದ್ದರು. ಕಿಬ್ಬೊಟ್ಟೆಗೆರಡು, ಬೆನ್ನಿನ ಕೆಳಗೆರಡು ಅಂಟುಪಟ್ಟಿ. ಸಣ್ಣ ವಿದ್ಯುತ್ ಮಿಡಿತ ನರಗಳನ್ನು ಜುಮ್ಮೆನ್ನಿಸಿ, ನೋವು ಮಿದುಳನ್ನು ಮುಟ್ಟದಂತೆ ತಡೆಯುತ್ತಿತ್ತು. ಅದಿಲ್ಲದೆ ಅವಳು ನೆಟ್ಟಗೆ ನಿಲ್ಲಲಾರಳು.

ಪೂಜೆಯಿಲ್ಲದ ಡಬ್ಬಿ ಹತ್ತಬೇಕೆಂದಿದ್ದಳು. ಆದರೆ ಅವಳದೇ ಹೌಸಿಂಗ್ ಸೊಸೈಟಿಯ, ಉಡುಪಿ ಕಡೆಯ ಪ್ರಿಯಂವದಾ ಪ್ಲಾಟ್‌ಫಾರ್ಮಿನಲ್ಲೇ ತೋಳು ಹಿಡಿದಿದ್ದಳು.

"ಎಲ್ಲಿಗೆ ಮಾರಾಯ್ತಿ ತಪ್ಪಿಸಿಕೊಳ್ಳುವುದು? ದೇವಿಗೆ ಹೂ ಮುಡಿಸುವ ಕೆಲಸ ಈ ಸಲ ನಿಂದು!"

ಬೇಡವೆನ್ನಲು ಕಾರಣ ಹೇಳಬೇಕಿತ್ತು. ರಮಿತಾ ಹೇಳಲಿಲ್ಲ, ಹೂ ಮುಡಿಸಿದಳು.

ದಿವಾ ಸ್ಟೇಷನ್ ದಾಟುವಾಗ ನೂಕುನುಗ್ಗಲಿಗೆ ಅವಳ ಕುರ್ತಾ ಮೇಲೆ ಸರಿಯಿತು. ಹಸಿರು ಬಳೆ ತೊಟ್ಟ ಹೆಂಗಸೊಬ್ಬಳ ಕಣ್ಣು ಅವಳ ಸೊಂಟದಲ್ಲಿ ಮಿನುಗುವ ಕೆಂಪು ದೀಪದ ಮೇಲೂ ಬಟ್ಟೆಯೊಳಗೆ ಇಳಿದ ತಂತಿಗಳ ಮೇಲೂ ಬಿತ್ತು.

"ಹೇ ಕಾಯ್ ಆಹೆ?" ಏನಿದು ಎಂದು ಮರಾಠಿಯಲ್ಲಿ ಕೇಳಿದಳು.

"ಏನಿಲ್ಲ. ಮೊಬೈಲ್ ಚಾರ್ಜರ್."

"ಮೊಬೈಲ್ ಕುಠೆ?" ಎಲ್ಲಿ ಮೊಬೈಲ್ ಎಂದಳು ಆ ಹೆಂಗಸು.

ಮೊಬೈಲ್ ರಮಿತಾಳ ಕೈಯಲ್ಲಿತ್ತು. ಅದಕ್ಕೆ ಯಾವ ತಂತಿಯೂ ಇರಲಿಲ್ಲ. ಅಂಟುಪಟ್ಟಿ ಕಿತ್ತುಬಿಡೋಣವೆಂದು ರಮಿತಾ ಕುರ್ತಾದೊಳಗೆ ಕೈ ಹಾಕಿದಳು. ಅದೇ ತಪ್ಪಾಯಿತು.

"ಬಾಂಬ್!"

ಮುಂಬಯಿಯಲ್ಲಿ ಬಾಂಬ್ ಸಿಡಿದು ಒಂದು ವರ್ಷ ಕಳೆದಿತ್ತಷ್ಟೇ. ಎರಡು ಕೈಗಳು ಅವಳ ಮಣಿಕಟ್ಟನ್ನು ಹಿಂದಕ್ಕೆ ತಿರುಚಿದವು. ಮುಷ್ಟಿಯೊಂದು ಬಾಯಿಗೆ ಬಿತ್ತು. ತುಟಿ ಹಲ್ಲಿಗೆ ಸಿಕ್ಕಿ ಸೀಳಿತು. ಯಾರೋ ಜಡೆ ಹಿಡಿದು ತಲೆಯನ್ನು ಕಬ್ಬಿಣದ ಕಂಬಕ್ಕೆ ಅಪ್ಪಳಿಸಿದರು. ಪಟ ಮಗುಚಿತು, ಕುಂಕುಮ ಚೆಲ್ಲಿತು. ಜಾಲರಿಯಾಚೆಯ ಗಂಡಸರ ಡಬ್ಬಿಯಿಂದ, "ಬಾಹರ್ ಫೇಂಕೋ ಉಸ್ಕೋ!" ಎಂಬ ಕೂಗು ಬಂತು.

ಅವಳನ್ನು ತೆರೆದ ಬಾಗಿಲಿಗೆ ನೂಕಿದರು. ರೈಲು ಪಾರಸಿಕ್ ಸುರಂಗಕ್ಕೆ ನುಗ್ಗಿತು. ಒಂದು ಕಾಲು ಹೊರಗೆ ಗಾಳಿಯಲ್ಲಿ ತೂಗಿತು, ಚಪ್ಪಲಿ ಹಾರಿಹೋಯಿತು. ಬಾಗಿಲಿನ ನಡುಗಂಬವನ್ನು ತಬ್ಬಿದ ಅವಳ ಬೆರಳುಗಳನ್ನು ಹಸಿರು ಬಳೆಯವಳು ಒಂದೊಂದಾಗಿ ಬಿಡಿಸತೊಡಗಿದಳು. ರಮಿತಾ ಆ ಕೈಯನ್ನು ರಕ್ತ ಬರುವಂತೆ ಕಚ್ಚಿದಳು.

"ಪ್ರಿಯಕ್ಕಾ, ಹೇಳಿ ಇವರಿಗೆ! ಮುಟ್ಟಿನ ನೋವಿಗೆ ಹಾಕಿಕೊಂಡ ಮೆಷಿನ್ ಇದು! ಮುಟ್ಟಾಗಿದ್ದೇನೆ ನಾನು!" ಅದನ್ನೇ ಹಿಂದಿಯಲ್ಲೂ, ಮರಾಠಿಯಲ್ಲೂ, ಜಾಲರಿಯಾಚೆಗೂ ಕೇಳುವಂತೆ ಕಿರುಚಿದಳು.

ಕೈಗಳು ಸಡಿಲಗೊಂಡವು. ಗಂಡಸರ ಕಡೆ ಗದ್ದಲ ಅಡಗಿತು. ಯಾರೋ ಅವಳನ್ನು ಒಳಗೆಳೆದರು. ಹಸಿರು ಬಳೆಯವಳು ಕಡಿತದ ಗಾಯ ಒತ್ತಿಕೊಂಡು, "ಪಹಲೇ ಬೋಲ್ನಾ ಥಾ ನಾ, ಪಗಲಿ" ಎಂದು, ಮೊದಲೇ ಹೇಳಲಿಲ್ಲವೆಂದು ದೂರುತ್ತ ಅಳತೊಡಗಿದಳು. ರೈಲು ಬೆಳಕಿಗೆ ಬಂತು.

ಗುಂಪನ್ನು ಸೀಳಿಕೊಂಡು ಪ್ರಿಯಂವದಾ ಬಂದಳು. ಇಷ್ಟು ಹೊತ್ತೂ ಅವಳು ರಮಿತಾಳ ಮೇಲೆ ಕೈ ಮಾಡಿರಲಿಲ್ಲ, ಬಿಡಿಸಲೂ ಬಂದಿರಲಿಲ್ಲ.

"ಮೈಲಿಗೆಯಲ್ಲಿ ದೇವಿಗೆ ಹೂ ಮುಡಿಸಿದ್ದಾ ನೀನು?"

ಏಟು ರಮಿತಾಳ ಕೆನ್ನೆಗೆ ಬಿತ್ತು. ಹಿಂದಿನ ಏಟುಗಳಲ್ಲಿ ಹೆದರಿಕೆಯ ನಡುಕವಿತ್ತು. ಇದು ಗುರಿಯಿಟ್ಟ ಏಟು. ಯಾರೂ ತಡೆಯಲಿಲ್ಲ. ಕೆಲವರು ತಲೆಯಾಡಿಸಿದರು.

ಪ್ರಿಯಂವದಾ ಮತ್ತೆ ಕೈ ಎತ್ತಿದಳು. ರಮಿತಾ ಆ ಮಣಿಕಟ್ಟನ್ನು ಗಾಳಿಯಲ್ಲೇ ಹಿಡಿದು, ಹಿಂದಕ್ಕೆ ಮಡಚಿ, ತನ್ನ ಮೈಭಾರವನ್ನೆಲ್ಲ ಅದರ ಮೇಲೆ ಹಾಕಿದಳು. ಒಳಗೇನೋ ಲಟಕ್ಕೆಂದಿತು.

"ಅಯ್ಯಮ್ಮಾ! ಬಿಡೇ, ಬಿಡು!"

"ನಾನು ಮುಟ್ಟಿದ ಈ ಕೈಯೂ ಈಗ ಮೈಲಿಗೆಯೇ, ಪ್ರಿಯಕ್ಕ."

ಬಿಡಿಸಲು ಒಬ್ಬರೂ ಬರಲಿಲ್ಲ. ರೈಲು ಠಾಣೆಯಲ್ಲಿ ನಿಂತು, ಇಳಿಯುವವರ ನೂಕಿಗೆ ಇಬ್ಬರೂ ಪ್ಲಾಟ್‌ಫಾರ್ಮಿಗೆ ಬೀಳುವ ತನಕ ರಮಿತಾ ಆ ಕೈಯನ್ನು ಬಿಡಲೂ ಇಲ್ಲ.