ಒಳಗಿನ ಎಸೆತ

ಜೂನ್ ಮುಗಿಯುವ ಹೊತ್ತಿಗೆ ನಮ್ಮ ಬ್ಲ್ಯಾಕ್ ಕ್ರೀಕ್ ಬೇಸ್‌ಬಾಲ್ ತಂಡ ಗೆದ್ದದ್ದು ಹದಿಮೂರು ಪಂದ್ಯ, ಸೋತದ್ದು ನಲವತ್ತೊಂದು. ಆ ಹದಿಮೂರರಲ್ಲಿ ಹತ್ತನ್ನು ಗೆದ್ದುಕೊಟ್ಟವನು ಎಮಿಲ್ ಹುಡಾಕ್. ಅವನು ಚೆಂಡೆಸೆಯುವ ಪಿಚರ್; ನಾನು, ವಾಲ್ಟ್, ಬ್ಯಾಟರಿನ ಹಿಂದೆ ಕೂತು ಅವನ ಚೆಂಡು ಹಿಡಿಯುವ ಕ್ಯಾಚರ್. ಎಮಿಲ್ ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿಯಿಂದ ಬಂದ ಹುಡುಗ. ಮಾತು ಕಡಿಮೆ, ಚೆಂಡಿನ ವೇಗ ಮಾತ್ರ ಕಣ್ಣಿಗೆ ಸಿಗುತ್ತಿರಲಿಲ್ಲ. ದೊಡ್ಡ ಲೀಗಿಗೆ ಆಟಗಾರರನ್ನು ಆರಿಸುವವರೊಬ್ಬರು ಬಂದು ನೋಡಿ, ಸೆಪ್ಟೆಂಬರಿನಲ್ಲಿ ಮತ್ತೆ ಬರುತ್ತೇನೆಂದು ಹೇಳಿ ಹೋಗಿದ್ದರು.

ಜುಲೈನಲ್ಲಿ ನದಿಯಾಚೆಯ ಉಕ್ಕಿನ ಕಾರ್ಖಾನೆಯೂರಿನ ತಂಡ ನಮ್ಮಲ್ಲಿಗೆ ಬಂತು. ಅವರ ಆರ್ಲೋ ಫಿಂಚ್ ಬ್ಯಾಟು ಹಿಡಿದು, ಚೆಂಡು ದಾಟಬೇಕಾದ ನೆಲದ ಬಿಳಿ ಪ್ಲೇಟಿನ ಮೇಲೆ ಬಾಗಿ ನಿಲ್ಲುತ್ತಿದ್ದ. ಅವನನ್ನು ಹಿಂದೆ ಸರಿಸಲೆಂದು ನಾನೇ ಬೆರಳು ತೋರಿಸಿ, ಒಳಗೆ, ಅವನ ಮೈಗೆ ಹತ್ತಿರವಾಗಿ ಎಸೆಯುವಂತೆ ಎಮಿಲ್‌ಗೆ ಸನ್ನೆ ಮಾಡಿದೆ. ಆಗ ಎಲ್ಲರ ತಲೆಯ ಮೇಲಿದ್ದದ್ದು ಬರೀ ಬಟ್ಟೆಯ ಟೋಪಿ. ಚೆಂಡು ಕೈ ಜಾರಿ ಮೇಲೆದ್ದಿತು. ಆರ್ಲೋನ ಎಡಗಿವಿಯ ಮೇಲೆ ಬಿದ್ದ ಸದ್ದು ಬ್ಯಾಟಿಗೆ ಬಡಿದಂತೆಯೇ ಕೇಳಿಸಿತು. ಫೀಲ್ಡರ್ ಒಬ್ಬ ಚೆಂಡಿನ ಹಿಂದೆ ಓಡಿದ್ದೂ ಹೌದು. ಆರ್ಲೋ ನನ್ನ ಮೊಣಕಾಲ ಮೇಲೆ ಕುಸಿದ. ಕಿವಿಯಿಂದ ರಕ್ತ ಬರುತ್ತಿತ್ತು.

ಅವನು ಒಂಬತ್ತು ದಿನ ಕಣ್ಣು ಬಿಡಲಿಲ್ಲ. ನಾವಿದ್ದ ಬಾಡಿಗೆ ಮನೆಯ ಕೆಳಗಿನ ಫೋನು ಹೊಡೆದುಕೊಂಡಾಗಲೆಲ್ಲ ಎಮಿಲ್ ಮೆಟ್ಟಿಲ ಮೇಲೆ ಬಂದು ನಿಲ್ಲುತ್ತಿದ್ದ, ಆದರೆ ಇಳಿದು ಹೋಗಿ ಕೇಳುವ ಧೈರ್ಯವಿರಲಿಲ್ಲ. ಕೊನೆಗೂ ಆರ್ಲೋಗೆ ಎಚ್ಚರವಾಗಿದೆ, ಎಡಗಿವಿ ಮಾತ್ರ ಹೋಯಿತು ಎಂಬ ಸುದ್ದಿ ಬಂದಾಗ ಎಮಿಲ್ ಮಂಚದ ಅಂಚಿನಲ್ಲಿ ಕುಸಿದು ಕೂತ. ಇನ್ನು ಸರಿಹೋಗುತ್ತದೆ ಅಂದುಕೊಂಡೆ.

ಸರಿಹೋಗಲಿಲ್ಲ. ನಾನು ಎಲ್ಲಿ ಕೇಳಿದರೂ ಎಮಿಲ್ ಬ್ಯಾಟರಿನಿಂದ ದೂರ, ಹೊರಗೇ ಎಸೆದ. ಅದು ಎದುರಾಳಿಗಳಿಗೆ ವಾರದೊಳಗೆ ಗೊತ್ತಾಯಿತು. ನಿರ್ಭಯವಾಗಿ ಮುಂದೆ ಬಾಗಿ ಬಾರಿಸತೊಡಗಿದರು. ಸಾಲಾಗಿ ಆರು ಪಂದ್ಯ ಸೋತ. ಹೋಗಿ ಹಾಲು ಮಾರು ಎಂದು ಜನ ಅವನನ್ನು ಗೇಲಿ ಮಾಡಿದರು. ನಮ್ಮ ಮ್ಯಾನೇಜರ್ ಗ್ರೇಡಿ ಗೇಲಿ ಮಾಡಲಿಲ್ಲ.

"ಒಳಗೆ ಎಸೀತೀಯೋ, ಗಣಿಗೆ ವಾಪಸ್ ಹೋಗ್ತೀಯೋ, ನೀನೇ ಹೇಳು" ಎಂದರು ಅಷ್ಟೇ.

ಸೆಪ್ಟೆಂಬರಿನಲ್ಲಿ ಆ ಉಕ್ಕಿನೂರಿನ ತಂಡ ಮತ್ತೆ ಬಂತು. ಮೂರನೆಯ ಬ್ಯಾಟರ್ ಆಗಿ ಆರ್ಲೋ ಇಳಿದು ಬಂದಾಗ ಜನ ಎದ್ದು ನಿಂತರು. ನಾನು ಅವನ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದೆ. ಎಮಿಲ್‌ನ ಮೊದಲ ಎಸೆತ ಎಷ್ಟು ಹೊರಗೆ ಹೋಯಿತೆಂದರೆ ನಾನು ಅಡ್ಡ ಬಿದ್ದು ಹಿಡಿಯಬೇಕಾಯಿತು. ಎರಡನೆಯದೂ ಹಾಗೇ.

ಆರ್ಲೋ ತಿರುಗದೆಯೇ ಹೇಳಿದ: "ವಾಲ್ಟ್, ನಂಗೆ ಕಾಲೇ ನಿಲ್ತಿಲ್ಲ ಕಣೋ. ಆದ್ರೆ ಇವತ್ತು ಸರಿಯಾಗಿರೋ ಒಂದ್ ಚೆಂಡು ನೋಡ್ದೆ ಹೋದ್ರೆ ಇನ್ಯಾವತ್ತೂ ನಿಲ್ಲಕ್ಕಾಗಲ್ಲ. ಅವನಿಗೆ ಹೇಳು."

ನಾನು ನಡೆದು ಹೋಗಿ ಎಮಿಲ್‌ಗೆ ಹೇಳಿದೆ.

"ಮತ್ತೆ ಜಾರಿದ್ರೆ?"

"ಜಾರಬಹುದು" ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಅದು ಅವನಿಗೂ ಗೊತ್ತು. ಗೊತ್ತಿದ್ದೇ ಕೇಳ್ತಿದಾನೆ."

ವಾಪಸು ಬಂದು ಕೂತು ಗ್ಲವ್ಸನ್ನು ಆರ್ಲೋನ ಸೊಂಟದ ಹತ್ತಿರ ಹಿಡಿದೆ. ಎಮಿಲ್ ಬಹಳ ಹೊತ್ತು ಚೆಂಡು ಹಿಡಿದುಕೊಂಡೇ ನಿಂತ. ಆಮೇಲೆ ಎಸೆದ. ಆರ್ಲೋ ಕಣ್ಣು ಮುಚ್ಚಿದ; ಆದರೆ ಕದಲಲಿಲ್ಲ. ಚೆಂಡು ಅವನ ಹೊಟ್ಟೆಯ ಮುಂದೆ ಹಾದು ನನ್ನ ಗ್ಲವ್ಸಿಗೆ ಬಡಿಯಿತು. ಅಂಪೈರ್ ಸ್ಟ್ರೈಕ್ ಎಂದ, ಅಂದರೆ ಸರಿಯಾದ ಎಸೆತ. ಮುಂದಿನದೂ ಅಲ್ಲಿಗೇ ಬಂತು. ಈ ಸಲ ಆರ್ಲೋ ಕಣ್ಣು ಬಿಟ್ಟುಕೊಂಡೇ ಬ್ಯಾಟು ಬೀಸಿದ. ಸರಿಯಾಗಿ ತಗುಲದ ಚೆಂಡು ಉರುಳಿ ಎಮಿಲ್‌ನ ಕಾಲಬಳಿಗೇ ಹೋಯಿತು. ಅವನು ಎತ್ತಿ, ಆರ್ಲೋ ಓಡಿ ತಲುಪುವ ಮುಂಚೆಯೇ ಮೊದಲನೆಯ ಬೇಸಿಗೆ ಎಸೆದ. ಔಟಾದ ಆರ್ಲೋ ಓಡುತ್ತಲೇ ಇದ್ದ, ಅಳುತ್ತಿದ್ದ. ಎಮಿಲ್ ಎಲ್ಲರೆದುರು ಬಗ್ಗಿ ವಾಂತಿ ಮಾಡಿಕೊಂಡ.

ಆ ಪಂದ್ಯವನ್ನೂ ನಾವು ಸೋತೆವು. ದೊಡ್ಡ ಲೀಗಿನವರು ಬರಲೇ ಇಲ್ಲ. ಎಮಿಲ್ ಇನ್ನೂ ಎಂಟು ವರ್ಷ ನಮ್ಮಲ್ಲೇ ಎಸೆದ, ಮತ್ತೆ ಯಾರ ತಲೆಗೂ ತಾಗಿಸಲಿಲ್ಲ. ಅವನು ಆಟ ಬಿಟ್ಟ ಮೇಲೆ ಒಮ್ಮೆ ನಾನು, ಹೆದರಿಕೆ ಯಾವಾಗ ಹೋಯಿತೆಂದು ಕೇಳಿದೆ.

"ಹೋಗಿದ್ರೆ ಆಟ ಬಿಡ್ತಿದ್ನಾ?" ಎಂದ.